ಹೆಗ್ಗಣ ಹಿಡಿದ ದಾರಿ

ರಸ್ತೆಗೆ ಡಾಂಬರು ಹಾಕುವ ಮೊದಲೇ ಟೈಲರಮ್ಮನ ಮನೆಗೆ ಒಂದು ನಲ್ಲಿ ಹಾಕಿಬಿಟ್ಟಿದ್ದರೆ ಇಷ್ಟೆಲ್ಲ ಆಗುತ್ತಲೇ ಇರಲಿಲ್ಲ. ಆದರೆ ಡಾಂಬರಿನವರು ಬುಧವಾರ ಬಂದರು, ನಲ್ಲಿಯ ಮಂಜೂರಾತಿ ಗುರುವಾರ ಬಂತು. ಒಂದು ದಿನದ ಈ ಹಿಂದುಮುಂದಿಗೆ ಟೈಲರಮ್ಮ ಎಂಟು ತಿಂಗಳಿಂದ ಬೀದಿ ಕೊನೆಯ ನಲ್ಲಿಯಿಂದ ದಿನಕ್ಕೆ ಹದಿನಾಲ್ಕು ಕೊಡ ನೀರು ಹೊರುತ್ತಿದ್ದಳು. ಹೊತ್ತು ಬಂದು ಹೊಲಿಗೆ ಯಂತ್ರದ ಮುಂದೆ ಕೂತರೆ ಸೂಜಿಯ ಕಣ್ಣಿಗೆ ದಾರ ಪೋಣಿಸಲು ಕೈ ನಡುಕ ನಿಲ್ಲುವವರೆಗೆ ಕಾಯಬೇಕಾಗುತ್ತಿತ್ತು. ನೀರಿನ ಕೊಳವೆ ಇದ್ದದ್ದು ರಸ್ತೆಯ ಆಚೆ ಬದಿಗೆ, ಆಕೆಯ ಮನೆ ಈಚೆ ಬದಿಗೆ. ನಡುವೆ ಇಪ್ಪತ್ತನಾಲ್ಕು ಅಡಿ ಅಗಲದ, ಮುಖ ನೋಡಿಕೊಳ್ಳಬಹುದಾದಷ್ಟು ನುಣುಪಾದ ಹೊಸ ರಸ್ತೆ.

ಅಗೆದರಾಯಿತಲ್ಲ ಎಂದರೆ, ಅಗೆಯಲು ಮಾವ ಬಿಡಬೇಕಲ್ಲ.

ಮಾವ ಎಂದರೆ ನೀರಿನ ಇಲಾಖೆಯ ಪೈಪು ಮೇಸ್ತ್ರಿಗೆ ಹೆಣ್ಣು ಕೊಟ್ಟ ಮಾವ. ಟೈಲರಮ್ಮನ ಎದುರು ಮನೆಯವರು. ಮೂವತ್ತೈದು ವರ್ಷ ಊರೂರು ಭೂಮಿ ಅಳೆದು ಏಳು ವರ್ಷದ ಹಿಂದೆ ನಿವೃತ್ತರಾದ ಸರ್ವೇಯರು. ನಿವೃತ್ತಿಯಾದ ಮೇಲೆ ಅಳೆಯಲು ಭೂಮಿ ಸಿಗದೆ ಮನೆಯನ್ನೇ ಅಳೆಯತೊಡಗಿದ್ದರು. ಅತ್ತೆ ಒಲೆಯಿಂದ ತೊಟ್ಟಿಗೆ, ತೊಟ್ಟಿಯಿಂದ ಕಪಾಟಿಗೆ ದಿನಕ್ಕೆ ಎಷ್ಟು ಹೆಜ್ಜೆ ದಂಡ ಮಾಡುತ್ತಾರೆಂದು ನಕ್ಷೆ ಬರೆದು ಅಡುಗೆಮನೆ ಗೋಡೆಗೆ ಅಂಟಿಸಿದ್ದರು. ಬೀದಿಯ ನಿವಾಸಿಗಳ ಸಂಘಕ್ಕೆ ಅವರೇ ಅಧ್ಯಕ್ಷರು. ರಸ್ತೆಗೆ ಡಾಂಬರು ಬಿದ್ದ ದಿನವೇ ಸಭೆ ಕರೆದು ಹೇಳಿದ್ದರು: "ಈ ರಸ್ತೆ ಮೇಲೆ ಗುದ್ದಲಿ ಬೀಳೋದಾದ್ರೆ ಮೊದಲು ನನ್ನ ಮೇಲೆ ಬೀಳಲಿ." ಅವರ ಮೇಲೆ ಗುದ್ದಲಿ ಹಾಕುವ ಆಸೆ ಒಬ್ಬಿಬ್ಬರಿಗೆ ಇದ್ದೀತು, ಧೈರ್ಯ ಯಾರಿಗೂ ಇರಲಿಲ್ಲ.

ಮೇಸ್ತ್ರಿಗಂತೂ ಮಾವನ ಮುಂದೆ ನಾಲಿಗೆಯೇ ಏಳುತ್ತಿರಲಿಲ್ಲ. ಮದುವೆಯಾಗಿ ಹದಿನೆಂಟು ವರ್ಷವಾಗಿದ್ದರೂ ಮಾವ ಅವನನ್ನು ಯಾರಿಗಾದರೂ ಪರಿಚಯಿಸುವಾಗ, "ಇವರು ನಮ್ಮ ಅಳಿಯಂದಿರು, ಗುಂಡಿ ತೋಡ್ತಾರೆ" ಎನ್ನುತ್ತಿದ್ದರು. ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಇಪ್ಪತ್ತೆರಡು ವರ್ಷದಿಂದ ಮೇಸ್ತ್ರಿ ತೋಡುತ್ತಿದ್ದುದು ಗುಂಡಿಯನ್ನೇ. ಆದರೆ ಮಾವ ಆ ಮಾತನ್ನು ಆಡಿ ಮುಗಿಸಿ, ಒಂದು ಕ್ಷಣ ಬಿಟ್ಟು, ಮೆಲ್ಲಗೆ ಕೆಮ್ಮುತ್ತಿದ್ದರು. ಆ ಕೆಮ್ಮು ಮೇಸ್ತ್ರಿಗೆ ಸೊಂಟದ ನೋವಿಗಿಂತ ಹೆಚ್ಚು ನೋಯುತ್ತಿತ್ತು.

ಇಲಾಖೆಯ ಉಗ್ರಾಣದ ಮೂಲೆಯಲ್ಲಿ ಒಂದು ಯಂತ್ರ ಎರಡು ವರ್ಷದಿಂದ ಧೂಳು ತಿನ್ನುತ್ತಿತ್ತು. ದಫ್ತರದಲ್ಲಿ ಅದರ ಹೆಸರು 'ವಾಯುಚಾಲಿತ ಭೂಗತ ರಂಧ್ರಕ'. ಅಷ್ಟುದ್ದ ಹೆಸರು ಹೇಳುವಷ್ಟರಲ್ಲಿ ಉಸಿರು ಕಟ್ಟುತ್ತದೆಂದು ಕೆಲಸಗಾರರು ಅದನ್ನು ಹೆಗ್ಗಣ ಎನ್ನುತ್ತಿದ್ದರು. ನೋಡಲು ಹಾಗೆಯೇ ಇತ್ತು: ತೋಳಿನಷ್ಟು ದಪ್ಪ, ಐದಡಿ ಉದ್ದದ ಉಕ್ಕಿನ ಮೈ, ಚೂಪು ಮೂತಿ, ಹಿಂದೆ ಬಾಲದಂತೆ ಕೆಂಪು ರಬ್ಬರ್ ಕೊಳವೆ. ಆ ಬಾಲದಲ್ಲಿ ಕಂಪ್ರೆಸರಿನ ಗಾಳಿ ನುಗ್ಗಿದರೆ ಹೊಟ್ಟೆಯೊಳಗಿನ ಸುತ್ತಿಗೆ ಮೂತಿಗೆ ಬಡಿಯುತ್ತ ಹೋಗುತ್ತದೆ, ಹೆಗ್ಗಣ ಮಣ್ಣನ್ನು ಅತ್ತಿತ್ತ ಒತ್ತರಿಸಿಕೊಂಡು ಮುಂದೆ ತೂರುತ್ತದೆ. ರಸ್ತೆಯ ಈಚೆ ಒಂದು ಗುಂಡಿ, ಆಚೆ ಒಂದು ಗುಂಡಿ ಇದ್ದರೆ ಸಾಕು. ಇಲ್ಲಿ ಇಳಿಸಿದ್ದು ಅಲ್ಲಿ ತಲೆ ಹಾಕುತ್ತದೆ. ಅದು ಕೊರೆದ ದಾರಿಯಲ್ಲಿ ಪೈಪು ಎಳೆದುಕೊಂಡರಾಯಿತು. ಮೇಲೆ ರಸ್ತೆಗೆ ಸುದ್ದಿಯೇ ತಿಳಿಯುವುದಿಲ್ಲ.

ಮೇಸ್ತ್ರಿ ಅರ್ಜಿಯ ಮೇಲೆ ಅರ್ಜಿ ಬರೆದು ಕೊನೆಗೆ ದೊಡ್ಡ ಇಂಜಿನಿಯರ್ ಮೇಡಂ ಮುಂದೆ ನಿಂತಿದ್ದ. ಮೇಡಂ ಕನ್ನಡಕ ಏರಿಸಿ ಹೇಳಿದರು: "ಒಂದೇ ಒಂದು ಅವಕಾಶ ಕೊಡ್ತೀನಿ. ಆ ಟೈಲರ್ ಮನೆ ನಲ್ಲಿ ಮಾಡಿ ತೋರಿಸಿ. ಸಾಯಂಕಾಲ ನಾನೇ ಬಂದು ನೋಡ್ತೀನಿ. ಸರಿಹೋದ್ರೆ ಇದಕ್ಕೇ ಅಂತ ಒಂದು ಘಟಕ ಮಾಡೋಣ, ಅದಕ್ಕೊಬ್ಬ ಮುಖ್ಯಸ್ಥ ಬೇಕಾಗ್ತಾನೆ. ಸರಿಹೋಗದಿದ್ರೆ ಯಂತ್ರ ಗುಜರಿಗೆ, ನೀವು ಮತ್ತೆ ಗುದ್ದಲಿಗೆ."

'ಮುಖ್ಯಸ್ಥ' ಎಂಬ ಮಾತನ್ನು ಮೇಸ್ತ್ರಿ ಅಂದಿನಿಂದ ಬಾಯಲ್ಲಿ ಸಕ್ಕರೆಯಂತೆ ಇಟ್ಟುಕೊಂಡು ಚೀಪುತ್ತಿದ್ದ. ಮಾವ ಮುಂದೆ ಏನೆಂದು ಪರಿಚಯಿಸಿಯಾರು? ಇವರು ನಮ್ಮ ಅಳಿಯಂದಿರು, ಮುಖ್ಯಸ್ಥರು. ಆಮೇಲೆ ಕೆಮ್ಮಲಿ ನೋಡೋಣ.

ಮಾವನಿಂದ ಒಪ್ಪಿಗೆಯೂ ಸಿಕ್ಕಿತು, ಒಂದು ಷರತ್ತಿನ ಮೇಲೆ. "ರಸ್ತೆ ಕೂದಲೆಳೆಯಷ್ಟು ಬಿರುಕು ಬಿಡಬಾರದು. ನಾನು ಪಕ್ಕದಲ್ಲೇ ನಿಂತಿರ್ತೀನಿ." ಮೊದಲ ಅರ್ಧಕ್ಕಿಂತ ಎರಡನೆಯ ಅರ್ಧವೇ ಮೇಸ್ತ್ರಿಗೆ ಭಯ ಹುಟ್ಟಿಸಿತ್ತು.

ಅಂದು ಬೆಳಿಗ್ಗೆ ಒಂಬತ್ತಕ್ಕೆ ಕಂಪ್ರೆಸರ್ ಗಾಡಿ ಬೀದಿಗೆ ಬಂತು. ಅದನ್ನು ನಡೆಸುವ ಮುದುಕನನ್ನು ಎಲ್ಲರೂ ಕಂಪ್ರೆಸರ್ ತಾತ ಎನ್ನುತ್ತಿದ್ದರು. ಮೂವತ್ತು ವರ್ಷ ಆ ಗದ್ದಲದ ಪಕ್ಕ ಕೂತು ಕಿವಿ ಪೂರ್ತಿ ಮಂದವಾಗಿತ್ತು. ಅವನಿಗೆ ಮಾತಿಲ್ಲ, ಸನ್ನೆಯೇ. ಒಂದು ಕೈ ಎತ್ತಿದರೆ ಗಾಳಿ ಬಿಡು, ಎರಡೂ ಕೈ ಎತ್ತಿದರೆ ನಿಲ್ಲಿಸು.

ಮಧ್ಯಾಹ್ನದೊಳಗೆ ಎರಡೂ ಗುಂಡಿ ಸಿದ್ಧವಾದವು. ಒಂದು ಟೈಲರಮ್ಮನ ಅಂಗಳದಲ್ಲಿ, ಮೂರಡಿ ಆಳ. ಇನ್ನೊಂದು ಎದುರಿಗೆ ಮಾವನ ಗೇಟಿನ ಮುಂದಿನ ಮಣ್ಣಿನ ಕಾಲುದಾರಿಯಲ್ಲಿ, ನೀರಿನ ಕೊಳವೆಯ ಪಕ್ಕ. ಮೇಸ್ತ್ರಿ ಅಂಗಳದ ಗುಂಡಿಗಿಳಿದು, ಹೆಗ್ಗಣವನ್ನು ಅದರ ತೊಟ್ಟಿಲಿನಂಥ ಚೌಕಟ್ಟಿನ ಮೇಲೆ ಮಲಗಿಸಿ, ಮಟ್ಟಗೋಲು ಇಟ್ಟು ನೋಡಿ, ಆಚೆ ಗುಂಡಿಯಲ್ಲಿ ನೆಟ್ಟ ಕೋಲಿಗೆ ಗುರಿ ಹಿಡಿದ. ಒಂದು ಕಣ್ಣು ಮುಚ್ಚಿ ನೋಡಿದ, ಇನ್ನೊಂದು ಕಣ್ಣು ಮುಚ್ಚಿ ನೋಡಿದ. ಎರಡರಲ್ಲೂ ಸರಿಯಾಗಿತ್ತು. ಕೈ ಎತ್ತಬೇಕು ಎನ್ನುವಷ್ಟರಲ್ಲಿ ಗುಂಡಿಯ ಮೇಲೆ ನೆರಳು ಬಿತ್ತು.

"ಅಳಿಯಂದಿರೇ, ಸ್ವಲ್ಪ ತಾಳಿ."

ಮಾವ ಬಂದಿದ್ದರು. ಕೈಯಲ್ಲಿ ಹಳೆಯ ಹಿತ್ತಾಳೆಯ ದಿಕ್ಸೂಚಿ ಇತ್ತು. ಅದನ್ನು ಬಟ್ಟೆಯಿಂದ ಒರೆಸಿ, ಬಾಗಿ, ಹೆಗ್ಗಣದ ಬೆನ್ನ ಮೇಲೆಯೇ ಇಟ್ಟರು. ಮುಳ್ಳು ಹುಚ್ಚು ಹಿಡಿದಂತೆ ಒಂದು ಸುತ್ತು ತಿರುಗಿ ಒಂದು ಕಡೆ ನಿಂತಿತು.

"ನೋಡಿದ್ರಾ? ನಿಮ್ಮದು ಎಡಕ್ಕೆ ಹೋಗಿದೆ. ಬಲಕ್ಕೆ ಎರಡು ಬೆರಳು ಸರಿಸಿ."

"ಮಾವ, ಇದು ಉಕ್ಕು. ಉಕ್ಕಿನ ಮೇಲಿಟ್ರೆ ದಿಕ್ಸೂಚಿ..."

"ನಾನು ಮೂವತ್ತೈದು ವರ್ಷ ಇದೇ ದಿಕ್ಸೂಚಿ ಹಿಡಿದು ಮೂರು ಜಿಲ್ಲೆ ಅಳೆದಿದ್ದೀನಿ. ಎರಡು ಬೆರಳು ಬಲಕ್ಕೆ."

ಇಲ್ಲಿ ಎರಡು ಬೆರಳು ಸರಿದರೆ ಆಚೆ ಬದಿಯಲ್ಲಿ ಒಂದು ಗಜ ಸರಿಯುತ್ತದೆಂದು ಮೇಸ್ತ್ರಿಗೆ ಗೊತ್ತಿತ್ತು. ಮಾವ ಅತ್ತ ತಿರುಗಿದ ಕೂಡಲೇ ಮತ್ತೆ ಎಡಕ್ಕೆ ಸರಿಸಿದರಾಯಿತು ಎಂದುಕೊಂಡು ಹೆಗ್ಗಣವನ್ನು ಬಲಕ್ಕೆ ಸರಿಸಿದ. ಆದರೆ ಮಾವ ಅತ್ತ ತಿರುಗಲಿಲ್ಲ. ತೃಪ್ತಿಯಿಂದ ತಲೆಯಾಡಿಸಿ, ಗಾಡಿಯ ಕಡೆ ನೋಡಿ, ತಾವೇ ಒಂದು ಕೈ ಎತ್ತಿದರು. ತಾತನಿಗೆ ಕೈ ಯಾರದಾದರೇನು? ಗಾಳಿ ಬಿಟ್ಟ. ಢಕ್ ಢಕ್ ಢಕ್ ಢಕ್. ಹೆಗ್ಗಣ ಮೂತಿ ತೂರಿಸಿ ಮಣ್ಣಿಗಿಳಿಯಿತು.

ಬೀದಿಗೆ ಬೀದಿಯೇ ಹೊರಗೆ ಬಂದು ನಿಂತಿತು. ಮೂಲೆ ಮನೆಯ ದನದ ಡಾಕ್ಟರು ಕೊರಳಲ್ಲಿ ಸ್ಟೆತೋಸ್ಕೋಪು ನೇತುಹಾಕಿಕೊಂಡೇ ಬಂದರು. ರಸ್ತೆಯ ಮೇಲೆ ಮಂಡಿಯೂರಿ, ಕಿವಿಗೆ ಸಿಕ್ಕಿಸಿಕೊಂಡು, ಡಾಂಬರಿನ ಮೇಲೆ ಅಲ್ಲಲ್ಲಿ ಇಟ್ಟು ಆಲಿಸಿದರು.

"ಹೆಂಗಿದೆ ಡಾಕ್ಟ್ರೇ?" ಎಂದು ಯಾರೋ ಕೇಳಿದರು.

"ಬಡಿತ ಚೆನ್ನಾಗಿದೆ. ಗಬ್ಬದ ಹಸೂಗೂ ಇಷ್ಟು ಸ್ಪಷ್ಟವಾಗಿ ಕೇಳಿಸಲ್ಲ."

ಕೆಂಪು ಕೊಳವೆಯ ಮೇಲೆ ಮೇಸ್ತ್ರಿ ಅಡಿಗೊಂದರಂತೆ ಬಿಳಿ ಬಣ್ಣದ ಗುರುತು ಹಾಕಿದ್ದ. ಗುಂಡಿಯಿಂದ ಗುಂಡಿಗೆ ಮೂವತ್ತಡಿ. ಹತ್ತನೆಯ ಗುರುತು ಮಣ್ಣಿನೊಳಗೆ ಹೋಯಿತು. ಮಾವ ರಸ್ತೆಯ ಮೇಲೆ ಬಾಗಿ ಬಿರುಕು ಹುಡುಕಿದರು, ಸಿಗಲಿಲ್ಲ. ಇಪ್ಪತ್ತನೆಯದು ಹೋಯಿತು. ಟೈಲರಮ್ಮ ಹೊಲಿಗೆ ಬಿಟ್ಟು ಬಂದು ಬಾಗಿಲಲ್ಲಿ ನಿಂತಳು. ಇಪ್ಪತ್ತೈದು ಹೋಯಿತು. ಎಲ್ಲರೂ ರಸ್ತೆ ದಾಟಿ ಆಚೆ ಗುಂಡಿಯ ಸುತ್ತ ಇಣುಕುತ್ತ ನಿಂತರು, ಹೆರಿಗೆ ಕೋಣೆಯ ಹೊರಗೆ ನಿಂತ ನೆಂಟರ ಹಾಗೆ.

ಮೂವತ್ತು ಹೋಯಿತು. ಗುಂಡಿಯ ಗೋಡೆ ಹಾಗೆಯೇ ಇತ್ತು.

ಮೂವತ್ತೊಂದು. ಮೂವತ್ತೆರಡು. ಗುಂಡಿಯಲ್ಲಿ ಒಂದು ಎರೆಹುಳು ಹೊರಬಂದು, ಮೇಲಿನ ಮುಖಗಳನ್ನು ಕಂಡು ಹೆದರಿ, ಮತ್ತೆ ಒಳಗೆ ಹೋಯಿತು.

ಮೇಸ್ತ್ರಿ ಎರಡೂ ಕೈ ಎತ್ತಿದ. ತಾತ ನಿಲ್ಲಿಸಿದ.

"ಎಲ್ಲಿ?" ಎಂದರು ಮಾವ.

ಡಾಕ್ಟರು ಕಾಲುದಾರಿಯ ಮೇಲೆ ತೆವಳಿ, "ಈಗ ನಿಂತಿದೆ, ಕೇಳ್ಸಲ್ಲ. ಆದ್ರೆ ಕೊನೇಗೆ ಕೇಳಿದ್ದು ಇಲ್ಲಿ" ಎಂದು ಬೆರಳು ತೋರಿಸಿದರು. ಗುಂಡಿಯಿಂದ ಬಲಕ್ಕೆ ಸರಿಯಾಗಿ ಒಂದು ಗಜ.

ಮೇಸ್ತ್ರಿ ಮಾವನ ಮುಖ ನೋಡಿದ. ಮಾವ ಆಕಾಶ ನೋಡಿದರು.

"ಯಂತ್ರಾನೇ ಸೊಟ್ಟ ಇರಬೇಕು" ಎಂದರು.

ಹೆಗ್ಗಣಕ್ಕೆ ಹಿಂದಕ್ಕೆ ಬರುವ ವಿದ್ಯೆಯೂ ಗೊತ್ತು. ಬಾಲವನ್ನು ಕಾಲು ಸುತ್ತು ತಿರುಗಿಸಿ ಗಾಳಿ ಬಿಟ್ಟರೆ ಸುತ್ತಿಗೆ ಹಿಂದಕ್ಕೆ ಬಡಿಯುತ್ತದೆ. ಮೇಸ್ತ್ರಿ ರಸ್ತೆ ದಾಟಿ ಓಡಿ, ಅಂಗಳದ ಗುಂಡಿಗೆ ಹಾರಿ, ಬಾಲ ತಿರುಗಿಸಿ ಕೈ ಎತ್ತಿದ. ಸದ್ದು ಬಂತು, ಬಾಲ ಬರಲಿಲ್ಲ. ಕಾಲುದಾರಿಯ ಅಡಿಯ ಮಣ್ಣು ಸಡಿಲ. ಹಿಡಿದುಕೊಳ್ಳಲು ಗಟ್ಟಿ ನೆಲವಿಲ್ಲದೆ ಹೆಗ್ಗಣ ಕೆಸರಿಗೆ ಬಿದ್ದ ಚಕ್ರದಂತೆ ಇದ್ದಲ್ಲೇ ಇದ್ದು ಬಡಿದುಕೊಳ್ಳುತ್ತಿತ್ತು. ಹತ್ತು ನಿಮಿಷ ಎಳೆದಾಡಿದ. ಟೈಲರಮ್ಮನೂ ಬಂದು ಬಾಲ ಹಿಡಿದು ಎಳೆದಳು. ಒಂದಂಗುಲವೂ ಜಗ್ಗಲಿಲ್ಲ.

"ಅಗೆದು ತೆಗೀಬೇಕು ಮಾವ" ಎಂದ ಮೇಸ್ತ್ರಿ, ಉಬ್ಬಸ ಬಿಡುತ್ತ ರಸ್ತೆ ದಾಟಿ ಬಂದು.

"ಎಲ್ಲಿ ಅಗೀತೀರಿ? ಅದು ನನ್ನ ಕಾಂಪೌಂಡ್ ಗೋಡೆ ಬುಡ. ಅಲ್ಲಿ ಅಗೆದ್ರೆ ಗೋಡೆ ಕೂರುತ್ತೆ." ಮಾವ ಗೋಡೆಯನ್ನು ಪ್ರೀತಿಯಿಂದ ಸವರಿದರು. "ಮುಂದಕ್ಕೆ ಬಿಡಿ. ಇನ್ನೊಂದಡಿ ಹೋದ್ರೆ ಗೋಡೆಯ ಪಾಯಕ್ಕೆ ಬಡಿದು ನಿಲ್ಲುತ್ತೆ. ಗಟ್ಟಿಗೆ ಬಡಿದ್ರೆ ತಾನಾಗಿ ಹಿಂದಕ್ಕೆ ಬರುತ್ತೆ. ಅದು ನಾನು ಎದುರಿಗೆ ನಿಂತು ಹಾಕಿಸಿದ ಪಾಯ, ಐದಡಿ ಆಳ."

ಗಂಟೆ ಮೂರಾಗಿತ್ತು. ಮೇಡಂ ಯಾವಾಗ ಬೇಕಾದರೂ ಬರಬಹುದು. ಬೇರೆ ದಾರಿ ತೋಚದೆ ಮೇಸ್ತ್ರಿ ಹೋಗಿ ಬಾಲವನ್ನು ಮತ್ತೆ ಮುಂದಕ್ಕೆ ತಿರುಗಿಸಿ ಗಾಳಿ ಬಿಡಿಸಿ, ಮಾವನ ಗೇಟಿಗೆ ಓಡಿಬಂದ. ಢಕ್ ಢಕ್ ಢಕ್. ಡಾಕ್ಟರು ಗೋಡೆಗೆ ಸ್ಟೆತೋಸ್ಕೋಪು ಇಟ್ಟರು.

"ಬಂತು... ಬಂತು... ಗೋಡೆ ಕೆಳಗೆ ಬಂತು..." ಡಾಕ್ಟರು ಎದ್ದು ಗೇಟು ತೆರೆದು ಒಳಗೆ ಹೋಗಿ ಅಂಗಳದ ನೆಲಕ್ಕೆ ಇಟ್ಟರು. "ಗೋಡೆ ದಾಟ್ತು."

"ದಾಟೋಕೆ ಹೇಗಾಗುತ್ತೆ? ಐದಡಿ ಪಾಯ."

"ನಿಲ್ಲಲೇ ಇಲ್ಲ ಸಾರ್. ಬಡಿತ ಕೂಡ ಬದಲಾಗಲಿಲ್ಲ. ನಿಮ್ಮ ಪಾಯ ಎರಡಡಿಗಿಂತ ಜಾಸ್ತಿ ಇರಲಾರದು."

ಮೂವತ್ತು ವರ್ಷದ ಹಿಂದೆ ಆ ಗೋಡೆ ಕಟ್ಟಿದವನು ಎಲ್ಲಿದ್ದಾನೋ ಏನೋ, ಆ ಗಳಿಗೆಯಲ್ಲಿ ಅವನಿಗೆ ಖಂಡಿತ ಬಿಕ್ಕಳಿಕೆ ಬಂದಿರಬೇಕು. ಮಾವನ ಮುಖ ಇಟ್ಟಿಗೆಯ ಬಣ್ಣಕ್ಕೆ ತಿರುಗಿತು. "ನಿಲ್ಲಿಸಿ" ಎಂದರು. ಮೇಸ್ತ್ರಿ ರಸ್ತೆಯತ್ತ ತಿರುಗಿ ಎರಡೂ ಕೈ ಎತ್ತಿದ. ಆದರೆ ಜನವೆಲ್ಲ ಗೇಟಿಗೆ ಮುತ್ತಿಕೊಂಡು ಗೋಡೆಯಂತೆ ನಿಂತಿತ್ತು. ಅವರ ತಲೆಗಳ ಮೇಲೆ ತಾತನಿಗೆ ಕಂಡದ್ದು ಮೇಸ್ತ್ರಿಯ ಎರಡು ಕೈಯಲ್ಲಿ ಒಂದೇ ಕೈ. ಆಗಲೇ ಗಾಳಿ ಬಿಟ್ಟಾಗಿದೆ, ಇನ್ನೂ ಕೇಳುತ್ತಿದ್ದಾನೆಂದರೆ ಸಾಲದು ಎಂದೇ ಅರ್ಥ. ತಾತ ಗಾಳಿ ಹೆಚ್ಚಿಸಿದ.

ಮುಂದಿನ ಮೆರವಣಿಗೆಯನ್ನು ಆ ಬೀದಿಯವರು ಬಹಳ ಕಾಲ ನೆನಪಿಟ್ಟುಕೊಂಡರು. ಡಾಕ್ಟರು ಅಂಗಳದಲ್ಲಿ ಮಂಡಿಯ ಮೇಲೆ ಮುಂದೆ ಮುಂದೆ ಹೋಗುತ್ತಿದ್ದರು, ಅವರ ಹಿಂದೆ ಮಾವ, ಮಾವನ ಹಿಂದೆ ಇಡೀ ಬೀದಿ. ಹೂಕುಂಡ ದಾಟಿತು. ಜಗಲಿ ದಾಟಿತು. ನಡುವೆ ಎಲ್ಲೋ ಕಲ್ಲಿಗೆ ತಾಗಿರಬೇಕು, ಟಣ್ ಎಂದು ಒಂದು ಸದ್ದಾಯಿತು. ಆಮೇಲೆ ಬಡಿತ ಮೇಲಕ್ಕೆ ಬರುತ್ತಿರುವಂತೆ ಜೋರಾಗಿ ಕೇಳತೊಡಗಿತು.

"ಮೂತಿ ಮೇಲಕ್ಕೆ ಎತ್ತಿದೆ" ಎಂದರು ಡಾಕ್ಟರು. "ಕರು ಹೀಗೇ ತಿರುಗೋದು."

ಮೇಸ್ತ್ರಿ ಜನರನ್ನು ಸೀಳಿಕೊಂಡು ಗಾಡಿಯ ಕಡೆ ಓಡಿದ. ಅವನು ತಾತನ ಭುಜ ಹಿಡಿದು ಅಲುಗಾಡಿಸುವುದಕ್ಕೂ, ಇಲಾಖೆಯ ಜೀಪು ಬೀದಿಯ ತಿರುವಿನಲ್ಲಿ ಕಾಣಿಸಿಕೊಳ್ಳುವುದಕ್ಕೂ, ಮಾವನ ಮನೆಯೊಳಗಿಂದ ಅತ್ತೆಯ ದನಿ ಕೇಳುವುದಕ್ಕೂ ಸರಿಹೋಯಿತು.

"ಅಳಿಯಂದಿರೇ, ಸ್ವಲ್ಪ ಬಚ್ಚಲಮನೆಗೆ ಬನ್ನಿ."

ಅತ್ತೆ ಸಾಮಾನ್ಯಕ್ಕೆ ಗಾಬರಿಯಾಗುವವರಲ್ಲ. ನಿವೃತ್ತ ಸರ್ವೇಯರ ಜೊತೆ ಸಂಸಾರ ಮಾಡಿದವರಿಗೆ ನೆಲ ಬಿರಿದರೂ ಅಂಥ ವಿಶೇಷವೇನಿಲ್ಲ. ಬಚ್ಚಲಮನೆಯ ಮೂಲೆಯಲ್ಲಿ, ನೀರು ಕಾಯಿಸುವ ಹಂಡೆಯ ಪಕ್ಕ, ನೆಲದ ಹೆಂಚೊಂದು ಎರಡು ಹೋಳಾಗಿ ಎದ್ದು ನಿಂತಿತ್ತು. ಅದರ ಮೇಲೆ ಅತ್ತೆ ಬಕೆಟ್ಟು ಬೋರಲು ಹಾಕಿದ್ದರು. ಬಕೆಟ್ಟು ಸ್ವಲ್ಪ ಹೊತ್ತಿನ ಹಿಂದಿನವರೆಗೂ ಕುಣಿಯುತ್ತಿತ್ತಂತೆ, ಈಗ ಸುಮ್ಮನಾಗಿತ್ತು. ಮೇಸ್ತ್ರಿ ಮೆಲ್ಲಗೆ ಎತ್ತಿ ನೋಡಿದ. ಹೆಗ್ಗಣದ ಮಣ್ಣು ಮೆತ್ತಿದ ಮೂತಿ ಗೇಣುದ್ದ ಹೊರಬಂದು, ಅಳಿಯ ಮೊದಲ ಸಲ ಮನೆಗೆ ಬಂದಾಗ ಇರುವಷ್ಟು ಸಂಕೋಚದಿಂದ ನಿಂತಿತ್ತು.

"ನೀವು ಬಂದಿದ್ದೀರಿ ಅಂತ ಗೊತ್ತಿತ್ತು" ಎಂದರು ಅತ್ತೆ. "ನೆಲದಿಂದ ಬರ್ತೀರಿ ಅಂತ ಗೊತ್ತಿರಲಿಲ್ಲ."

ಹಿಂದೆಯೇ ಮಾವ ಬಂದರು. ಒಡೆದ ಹೆಂಚು ನೋಡಿದರು, ಹೆಗ್ಗಣ ನೋಡಿದರು, ಅಳಿಯನನ್ನು ನೋಡಿದರು. ಎದೆ ತುಂಬ ಉಸಿರೆಳೆದುಕೊಂಡು ಬಾಯಿ ತೆರೆದರು. ಹದಿನೆಂಟು ವರ್ಷದಿಂದ ಕೆಮ್ಮಿನಲ್ಲಿ ಹೇಳುತ್ತ ಬಂದದ್ದನ್ನೆಲ್ಲ ಈಗ ಮಾತಿನಲ್ಲಿ ಹೇಳುವ ಸಿದ್ಧತೆ ಅದು. ಅಷ್ಟರಲ್ಲಿ ಬಾಗಿಲಲ್ಲಿ ಬೂಟಿನ ಸದ್ದಾಯಿತು. ಇಂಜಿನಿಯರ್ ಮೇಡಂ.

ಮೇಡಂ ಬಗ್ಗಿ ಹೆಗ್ಗಣವನ್ನು ನೋಡಿದರು. ಕಿಟಕಿಯಿಂದ ರಸ್ತೆಯಾಚೆ ಟೈಲರಮ್ಮನ ಅಂಗಳ ನೋಡಿದರು. ಮತ್ತೆ ಹೆಗ್ಗಣವನ್ನು ನೋಡಿದರು.

"ಅಲ್ಲಿಂದ ಇಲ್ಲಿಗೆ ಬಂತಾ?"

"ಹೌದು ಮೇಡಂ" ಎಂದ ಮೇಸ್ತ್ರಿ. ಗುದ್ದಲಿಯ ಹಿಡಿ ಆಗಲೇ ಅಂಗೈಗೆ ತಾಗಿದಂತಾಗಿತ್ತು.

"ಎಷ್ಟಡಿ?"

"ಅರವತ್ತೆರಡು."

"ನೀರಿನ ಕೊಳವೆ ಇರೋದು ಗೇಟಿನ ಮುಂದೆ. ಬಚ್ಚಲಮನೆಗೆ ಯಾಕೆ ತಂದ್ರಿ?"

ಮೇಸ್ತ್ರಿಯ ಕಣ್ಣು ಮೂಲೆಯ ಗೋಡೆಯ ಮೇಲೆ ಬಿತ್ತು. ಇಪ್ಪತ್ತೆರಡು ವರ್ಷ ಈ ಊರಿನ ನೆಲ ಅಗೆದವನು ಅವನು. ಯಾವ ಬೀದಿಯ ಹೊಟ್ಟೆಯಲ್ಲಿ ಏನಿದೆಯೆಂದು ಅವನಿಗೆ ನಕ್ಷೆಯಿಲ್ಲದೆ ಗೊತ್ತು. ಆ ಗೋಡೆಯ ಹಿಂದೆ ಏನಿದೆಯೆಂದು ಥಟ್ಟನೆ ಹೊಳೆದು ಅವನ ಬೆನ್ನು ನೆಟ್ಟಗಾಯಿತು.

"ಮೇಡಂ, ಗೇಟಿನ ಮುಂದೆ ಇರೋದು ಮೂರಿಂಚಿನ ಕೊಳವೆ. ಅದರಲ್ಲಿ ಬೆಳಿಗ್ಗೆ ಅರ್ಧ ಗಂಟೆ ಸಣ್ಣಗೆ ನೀರು ಬರುತ್ತೆ. ಈ ಗೋಡೆ ಹಿಂದೆ ಮಣ್ಣಿನ ಓಣಿ ಇದೆ. ಓಣೀಲಿ ಹನ್ನೆರಡಿಂಚಿನ ದೊಡ್ಡ ಕೊಳವೆ ಹೋಗಿದೆ. ಟ್ಯಾಂಕಿನಿಂದ ನೇರ ಬರೋದು, ಇಪ್ಪತ್ನಾಲ್ಕು ಗಂಟೆ ಒತ್ತಡ. ಇಲ್ಲಿಂದ ಅದಕ್ಕೆ ನಾಲ್ಕಡಿ. ಓಣಿ ಅಗೆಯೋಕೆ ಯಾರ ತಕರಾರೂ ಇಲ್ಲ."

ಡಾಕ್ಟರು ಸ್ಟೆತೋಸ್ಕೋಪನ್ನು ಕಿವಿಯಿಂದ ತೆಗೆದರು, ಈಗಿನದು ಬರಿಗಿವಿಯಿಂದಲೇ ಕೇಳತಕ್ಕದ್ದು ಎಂಬಂತೆ.

"ಅಂದ್ರೆ" ಎಂದರು ಮೇಡಂ ನಿಧಾನವಾಗಿ, "ರಸ್ತೆ ಕೆಳಗೆ, ಗೋಡೆ ಕೆಳಗೆ, ಜಗಲಿ ಕೆಳಗೆ ಹಾದು, ದೊಡ್ಡ ಕೊಳವೆ ಪಕ್ಕಾನೇ ಮೂತಿ ಎತ್ತೋ ಹಾಗೆ ಬಿಟ್ಟಿದ್ದೀರಿ. ನನ್ನ ಸರ್ವೀಸಿನಲ್ಲಿ ಇಂಥ ಗುರಿ ನೋಡಿಲ್ಲ. ದಿಕ್ಕು ಹೇಳಿಕೊಟ್ಟವರು ಯಾರು?"

ಸುಳ್ಳು ಹೇಳುವ ಅಭ್ಯಾಸ ಮೇಸ್ತ್ರಿಗೆ ಇರಲಿಲ್ಲ. ಅದೃಷ್ಟವಶಾತ್ ಈಗ ಅದರ ಅಗತ್ಯವೂ ಇರಲಿಲ್ಲ.

"ನಮ್ಮ ಮಾವನವರು" ಎಂದ.

ಮಾವನ ತೆರೆದ ಬಾಯಿ ಹಾಗೆಯೇ ನಿಂತಿತ್ತು. ಅದರೊಳಗಿದ್ದ ಬೈಗುಳಗಳು ಒಂದೊಂದಾಗಿ ಗಂಟಲಿಗೆ ಹಿಂದಿರುಗುವುದು ಹೊರಗಿನವರಿಗೂ ಕಾಣುವಂತಿತ್ತು. ಬಾಯಿ ಮುಚ್ಚಿತು. ಮತ್ತೆ ತೆರೆದಾಗ ಅದೊಂದು ಮುಗುಳ್ನಗೆಯಾಗಿತ್ತು.

"ಹೆಚ್ಚೇನಿಲ್ಲ ಮೇಡಂ" ಎಂದರು. "ಎರಡು ಬೆರಳು ಬಲಕ್ಕೆ ಅಂದೆ, ಅಷ್ಟೆ."

"ಹಾಗಾದ್ರೆ ಗೇಟಿನ ಮುಂದೆ ಯಾಕೆ ಗುಂಡಿ ತೋಡಿದ್ದೀರಿ?"

ಮಾವ ರೆಪ್ಪೆಯನ್ನೂ ಮಿಟುಕಿಸಲಿಲ್ಲ. "ಸರ್ವೆ ಭಾಷೆಯಲ್ಲಿ ಅದನ್ನ ಸಾಕ್ಷಿಗುಂಡಿ ಅಂತೀವಿ. ಯಂತ್ರ ಪಕ್ಕದಲ್ಲಿ ಹಾದುಹೋಯ್ತಾ ಅಂತ ತಿಳಿಯೋಕೆ."

ಮೇಡಂ ಅದನ್ನು ತಮ್ಮ ಪುಸ್ತಕದಲ್ಲಿ ಬರೆದುಕೊಂಡರು.

ಆಮೇಲಿನ ಎರಡು ಗಂಟೆ ಆ ಬೀದಿಯಲ್ಲಿ ನಡೆದದ್ದು ಒಂದು ಬಗೆಯ ದಂಡಯಾತ್ರೆ. ಮೇಸ್ತ್ರಿ ಹೆಗ್ಗಣವನ್ನು ಬಚ್ಚಲಮನೆಗೆ ಪೂರ್ತಿ ಹೊರಗೆಳೆದು, ಬಾಲದಿಂದ ಬಿಡಿಸಿ, ಬಾಲದ ತುದಿಗೆ ಕಪ್ಪು ಪೈಪು ಬಿಗಿದ. ಟೈಲರಮ್ಮನ ಅಂಗಳದಿಂದ ಬೀದಿಯವರೆಲ್ಲ ಸಾಲಾಗಿ ನಿಂತು ಬಾಲ ಎಳೆದರು. ಡಾಕ್ಟರು ಐಸಾ ಎಂದರು, ಜನ ದಮ್ಮು ಕಟ್ಟಿ ಎಳೆದರು, ಪೈಪು ಮಾವನ ಮನೆಯ ನೆಲದಡಿ ನುಗ್ಗಿ, ಜಗಲಿ ದಾಟಿ, ಗೋಡೆ ದಾಟಿ, ಕನ್ನಡಿಯಂಥ ರಸ್ತೆಯ ಕೆಳಗೆ ಹಾದು, ಹಾವಿನಂತೆ ತಲೆ ಎತ್ತಿಕೊಂಡು ಅಂಗಳಕ್ಕೆ ಬಂತು. ರಸ್ತೆಯ ಮೇಲೆ ಒಂದು ಗೆರೆಯೂ ಇರಲಿಲ್ಲ. ಮೇಸ್ತ್ರಿ ಓಣಿಗೆ ಓಡಿ, ಬಚ್ಚಲ ಗೋಡೆಯ ಬುಡದಲ್ಲಿ ತೂತು ಮಾಡಿ, ದೊಡ್ಡ ಕೊಳವೆಗೆ ಪಟ್ಟಿ ಬಿಗಿದು, ಪೈಪು ಜೋಡಿಸಿ, ಮತ್ತೆ ಓಡಿಬಂದು ಅಂಗಳದ ಕಟ್ಟೆಯ ಮೇಲೆ ನಲ್ಲಿ ಕೂರಿಸಿದ. ಸೊಂಟದ ನೋವು ಎಲ್ಲಿ ಹೋಗಿತ್ತೋ ಅವನಿಗೇ ತಿಳಿಯದು.

"ತಿರುಗಿಸಿ ಟೈಲರಮ್ಮ" ಎಂದ.

ಟೈಲರಮ್ಮ ಸೆರಗಿಗೆ ಕೈ ಒರೆಸಿಕೊಂಡು ನಲ್ಲಿ ತಿರುಗಿಸಿದಳು. ನಲ್ಲಿ ಮೊದಲು ಗಾಳಿ ಉಗುಳಿತು. ಆಮೇಲೆ ಕೆಂಪು ಮಣ್ಣಿನ ನೀರು ಎರಡು ಸಲ ಬಿಕ್ಕಿತು. ಆಮೇಲೆ ಬಂತು ನೋಡಿ, ಮಣಿಕಟ್ಟಿನಷ್ಟು ದಪ್ಪ, ಕಟ್ಟೆಗೆ ಬಡಿದು ಎದೆಯೆತ್ತರಕ್ಕೆ ಚಿಮ್ಮಿತು. ಮುಂದೆ ನಿಂತಿದ್ದ ಮೂರು ಸಾಲು ಜನ ತೊಯ್ದು ತೊಪ್ಪೆಯಾದರು, ಒಬ್ಬರೂ ಹಿಂದೆ ಸರಿಯಲಿಲ್ಲ. ಕೊಡ ಪಕ್ಕದಲ್ಲೇ ಇದ್ದರೂ ಟೈಲರಮ್ಮ ಅದನ್ನು ಮುಟ್ಟಲಿಲ್ಲ. ಎರಡೂ ಅಂಗೈ ನೀರಿನ ಕೆಳಗೆ ಹಿಡಿದು ನಿಂತಳು. "ನಾಳೆ ಬೆಳಿಗ್ಗೆ ಏನು ಮಾಡ್ಬೇಕು ಅಂತಾನೇ ಗೊತ್ತಾಗ್ತಿಲ್ಲ ಮೇಸ್ತ್ರಿಯವರೇ" ಎಂದಳು.

"ಮಲಗಿ" ಎಂದ ಮೇಸ್ತ್ರಿ.

ಚಪ್ಪಾಳೆ ಬಿತ್ತು. ಕಂಪ್ರೆಸರ್ ತಾತನಿಗೂ ಕೇಳಿಸಿತೆಂದರೆ ಎಂಥ ಚಪ್ಪಾಳೆಯೆಂದು ಊಹಿಸಿಕೊಳ್ಳಬಹುದು. ಮಾವ ಜನರ ನಡುವೆ ಬಂದು ಅಳಿಯನ ಹೆಗಲ ಮೇಲೆ ಕೈ ಹಾಕಿ, "ಇವರು ನಮ್ಮ ಅಳಿಯಂದಿರು" ಎಂದರು. ಅಲ್ಲಿಗೇ ನಿಲ್ಲಿಸಿದರು. ಕೆಮ್ಮಲಿಲ್ಲ. ಮೇಸ್ತ್ರಿ ಆ ಕೆಮ್ಮಿಗಾಗಿ ಒಂದು ನಿಮಿಷ ಕಾದ, ಬರಲಿಲ್ಲ. ಜೀವನದಲ್ಲಿ ಇನ್ನೇನೂ ಬೇಡ ಎನಿಸಿತು.

ಮೇಡಂ ಕಟ್ಟೆಯ ಮೇಲೆ ಹತ್ತಿದರು. "ಇಂಥ ಡಾಂಬರು ರಸ್ತೆಗಳು ಇನ್ನೂ ಹದಿನೇಳಿವೆ. ನಾಳೆಯಿಂದಲೇ ಹೊಸ ಘಟಕ ಶುರು. ಅದರ ಮುಖ್ಯಸ್ಥರು ಯಾರಾಗಬೇಕು ಅಂತ ನಾನು ಇಲ್ಲೇ ನಿರ್ಧಾರ ಮಾಡಿದ್ದೀನಿ."

ಮೇಸ್ತ್ರಿ ಕೈಯ ಮಣ್ಣನ್ನು ಪ್ಯಾಂಟಿಗೆ ಒರೆಸಿಕೊಂಡು, ಒದ್ದೆ ಕೂದಲು ಸವರಿಕೊಂಡು, ಒಂದು ಹೆಜ್ಜೆ ಮುಂದಿಟ್ಟ.

ಮೇಡಂ ಅವನನ್ನು ದಾಟಿ ಹೋಗಿ ಮಾವನ ಕೈ ಕುಲುಕಿದರು.

"ಯಂತ್ರ ನಡೆಸೋರು ಸಿಗ್ತಾರೆ. ದಿಕ್ಕು ಬಲ್ಲವರು ಸಿಗಲ್ಲ. ನಿಮ್ಮಂಥ ಅನುಭವಿಗಳು ಮನೆಯಲ್ಲಿ ಕೂತಿರೋದು ಇಲಾಖೆಗೆ ನಷ್ಟ. ಸಲಹೆಗಾರ ಮುಖ್ಯಸ್ಥರು ಅಂತ ನಿಮ್ಮ ಹೆಸರು ಬರೀತೀನಿ. ಮೇಸ್ತ್ರಿ, ನೀವು ಇವರ ಕೈಕೆಳಗೆ ಇರಿ. ನಿಮ್ಮ ಮಾವನವರೇ ಆದ್ದರಿಂದ ಹೊಂದಾಣಿಕೆಗೆ ತೊಂದರೆ ಇರಲ್ಲ."

ಮತ್ತೆ ಚಪ್ಪಾಳೆ. ಮೇಸ್ತ್ರಿಯೂ ತಟ್ಟಿದ. ಎಲ್ಲರೂ ತಟ್ಟುವಾಗ ಒಬ್ಬನೇ ಸುಮ್ಮನಿದ್ದರೆ ಚೆನ್ನಾಗಿರುವುದಿಲ್ಲ.

ಮಾವನ ಮುಖ ನೋಡುವಂತಿತ್ತು. ಏಳು ವರ್ಷ ಕಿರಿಯರಾದವರಂತೆ, ನಿವೃತ್ತಿಯೇ ಆಗಿಲ್ಲದವರಂತೆ ಕಾಣುತ್ತಿದ್ದರು. ಅಳಿಯನ ಕಡೆ ತಿರುಗಿ, "ನಾಳೆ ಎಷ್ಟು ಗಂಟೆಗೆ ಕೆಲಸ?" ಎಂದು ಕೇಳಿದರು.

"ಎಂಟಕ್ಕೆ ಮಾವ."

"ಏಳಕ್ಕೆ ಬನ್ನಿ."

ಹೊರಡುವಾಗ ಅತ್ತೆ ಗೇಟಿನವರೆಗೆ ಬಂದರು. ಅತ್ತೆಯ ಮುಖದಲ್ಲಿ ಅಂಥ ಬೆಳಕನ್ನು ಮೇಸ್ತ್ರಿ ತನ್ನ ಮದುವೆಯ ದಿನವೂ ಕಂಡಿರಲಿಲ್ಲ. "ನಿಮ್ಮ ಹೊಟ್ಟೆ ತಣ್ಣಗಿರಲಿ ಅಳಿಯಂದಿರೇ" ಎಂದರು ಮೆಲ್ಲಗೆ. "ಏಳು ವರ್ಷ ಆದಮೇಲೆ ಹಗಲು ಹೊತ್ತು ಅಡುಗೆಮನೆ ನನ್ನದಾಯ್ತು."

ಮೇಸ್ತ್ರಿ ಹೆಗ್ಗಣವನ್ನು ತೊಳೆದು, ಒರೆಸಿ, ಗಾಡಿಗೆ ಹಾಕಿ, ಇಲಾಖೆಗೆ ಒಪ್ಪಿಸಿ ಮನೆ ಸೇರುವಾಗ ದೀಪ ಹಚ್ಚುವ ಹೊತ್ತು. ಏ‌ನೇ ಆಗಲಿ ಹದಿನೇಳು ಬೀದಿಗೆ ನೀರು ಬರುತ್ತದೆ, ಹೆಗ್ಗಣ ಗುಜರಿಗೆ ಹೋಗುವುದು ತಪ್ಪಿತು, ಹಗಲೆಲ್ಲ ಮಾವನನ್ನು ಸಹಿಸಿಕೊಂಡರೂ ಸಂಜೆ ಮನೆಗೆ ಬಂದರೆ ನೆಮ್ಮದಿಯಿದೆ ಎಂದು ತನಗೆ ತಾನೇ ಹೇಳಿಕೊಳ್ಳುತ್ತ ಚಪ್ಪಲಿ ಬಿಟ್ಟ. ಹೆಂಡತಿ ನಗುನಗುತ್ತ ಎದುರಿಗೆ ಬಂದಳು. ಕಣ್ಣಲ್ಲಿ ನೀರು ತುಂಬಿತ್ತು.

"ಅಪ್ಪ ಫೋನ್ ಮಾಡಿದ್ರು. ಎಲ್ಲಾ ಹೇಳಿದ್ರು. ನಿಮ್ಮನ್ನ ಎಷ್ಟು ಹೊಗಳಿದ್ರು ಗೊತ್ತಾ? ಇಷ್ಟು ವರ್ಷದಲ್ಲಿ ಮೊದಲ ಸಲ ರೀ."

"ಹೌದಾ" ಎಂದ ಮೇಸ್ತ್ರಿ. ಎಲ್ಲ ದಣಿವೂ ಇಳಿದಂತಾಯಿತು.

"ಅವರ ಮನೆಯಿಂದ ಇಲಾಖೆ ದೂರ ಅಲ್ವಾ, ಬೆಳಿಗ್ಗೆ ಅಷ್ಟು ಬೇಗ ಬರೋದು ಕಷ್ಟ ಅಂತ ಅಮ್ಮನೇ ಒಂದು ಉಪಾಯ ಹೇಳಿದ್ರಂತೆ" ಎಂದಳು ಅವಳು, ಒಳಗಿನ ಕೋಣೆಯಿಂದ ಅವನ ದಿಂಬು ಹೊದಿಕೆ ತಂದು ನಡುಮನೆಯ ಬೆಂಚಿನ ಮೇಲೆ ಇಡುತ್ತ. "ಹದಿನೇಳು ಬೀದಿ ಮುಗಿಯೋವರೆಗೂ ಅಪ್ಪ ನಮ್ಮ ಮನೇಲೇ ಇರ್ತಾರೆ."